ಡುರಿಯಾ ಕಂಪನಿ: ಹದಿಮೂರು ಕಾರು, ಇಬ್ಬರು ಅಣ್ಣತಮ್ಮಂದಿರು

ಫೋರ್ಡ್‌ಗಿಂತ ಮುಂಚೆ ಅಮೆರಿಕದಲ್ಲಿ ಕಾರು ಮಾರಿದ ಡುರಿಯಾ ಕಂಪನಿ ಅಷ್ಟು ಬೇಗ ಯಾಕೆ ಮುಚ್ಚಿತು ಅಂತ ಕೇಳಿದ್ದೀರಿ. ನನಗನಿಸುವ ಹಾಗೆ ಕಾರಣ ಕಾರಲ್ಲ, ಅಣ್ಣತಮ್ಮಂದಿರ ಜಗಳ.

ಅಣ್ಣ ಚಾರ್ಲ್ಸ್ ಡುರಿಯಾ, ತಮ್ಮ ಫ್ರಾಂಕ್, ಇಬ್ಬರೂ ಮೊದಲು ಸೈಕಲ್ ಕೆಲಸದವರು. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದು ಹಳೇ ಕುದುರೆ ಗಾಡಿ ಕೊಂಡು, ಅದಕ್ಕೆ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್ ಕೂರಿಸಿ 1893ರ ಸೆಪ್ಟೆಂಬರಿನಲ್ಲಿ ರಸ್ತೆಗಿಳಿಸಿದರು. 1895ರಲ್ಲಿ ಕಂಪನಿ ಶುರುವಾಯಿತು.

ಅದೇ ವರ್ಷ ನವೆಂಬರ್ 28ರಂದು ಶಿಕಾಗೋದಲ್ಲಿ ರೇಸ್. ಸುಮಾರು 54 ಮೈಲಿ, ರಸ್ತೆ ತುಂಬಾ ಹಿಮ. ಹೊರಟ ಆರು ಗಾಡಿಗಳಲ್ಲಿ ಗುರಿ ಮುಟ್ಟಿದ್ದು ಎರಡೇ. ಫ್ರಾಂಕ್ ಗಾಡಿಯ ಸ್ಟೀರಿಂಗ್ ಭಾಗವೇ ನಡುದಾರಿಯಲ್ಲಿ ಮುರಿಯಿತು. ಕಮ್ಮಾರನ ಕುಲುಮೆಯಲ್ಲಿ ಸರಿ ಮಾಡಿಸಿಕೊಂಡು ಬಂದು ಗೆದ್ದ ಪುಣ್ಯಾತ್ಮ! ಹತ್ತು ಗಂಟೆ ಚಿಲ್ಲರೆ ಹಿಡಿಯಿತು. ನಮ್ಮೂರ ಸೈಕಲ್ಲೇ ಇದಕ್ಕಿಂತ ಜೋರಾಗಿ ಹೋಗುತ್ತೆ ಅಲ್ವಾ? ಬಹುಮಾನ ಮಾತ್ರ 2,000 ಡಾಲರ್.

1896ರಲ್ಲಿ ಒಂದೇ ವಿನ್ಯಾಸದ 13 ಕಾರು ಕಟ್ಟಿದರು. ಸುಮ್ನೆ ಹದಿಮೂರು ಅನ್ನಬೇಡಿ, ಅಮೆರಿಕದಲ್ಲಿ ಒಂದೇ ಅಚ್ಚಿನ ಪೆಟ್ರೋಲ್ ಕಾರುಗಳನ್ನು ಸಾಲಾಗಿ ಮಾಡಿದ್ದು ಅದೇ ಮೊದಲು. ಒಂದು ಕಾರು ಸರ್ಕಸ್ ಮೆರವಣಿಗೆಯಲ್ಲೂ ಓಡಿತು.

ಆದರೆ ಈ ಕಾರಿನ ನಿಜವಾದ ಸೃಷ್ಟಿಕರ್ತ ಯಾರು ಅನ್ನೋದರಲ್ಲೇ ಇಬ್ಬರಿಗೂ ಕಿತ್ತಾಟ. ಐಡಿಯಾ ನನ್ನದು ಅಂತ ಚಾರ್ಲ್ಸ್, ಕಟ್ಟಿ ಓಡಿಸಿದ್ದು ನಾನು ಅಂತ ಫ್ರಾಂಕ್. 1898ರ ಹೊತ್ತಿಗೆ ಕಂಪನಿ ಮುಗಿಯಿತು. ಫ್ರಾಂಕ್ ಆಮೇಲೆ ಸ್ಟೀವನ್ಸ್-ಡುರಿಯಾ ಹೆಸರಲ್ಲಿ ಒಳ್ಳೇ ಕಾರುಗಳನ್ನು ಮಾಡಿದ. ಜಗಳ ಮಾತ್ರ ಜೀವನಪೂರ್ತಿ ನಡೆಯಿತು.