ಮನೆ ಹಿಂದೆ ಐದಾರು ಕೋಳಿ ಸಾಕ್ಲಿಕ್ಕೆ ಗೂಡು ಹೇಗಿರ್ಬೇಕು?

ನೀವು ಕೇಳಿದ್ದು ಇಷ್ಟು ಅಲ್ವಾ, ಬೆಂಗಳೂರು ಬಿಟ್ಟು ಕಾಸರಗೋಡಿನ ಬದಿಯಡ್ಕ ಹತ್ರ ಊರ ಮನೆಗೆ ಬಂದಿದ್ದೀರಿ, ಹಿತ್ತಿಲಲ್ಲಿ ಐದಾರು ಕೋಳಿ ಸಾಕ್ಬೇಕು, ಮೊಟ್ಟೆ ಮನೆ ಖರ್ಚಿಗೆ ಆದ್ರೆ ಸಾಕು, ಆನ್‌ಲೈನಲ್ಲಿ ಸಿಗುವ ರೆಡಿಮೇಡ್ ಗೂಡು ತಗೊಳ್ಳೋದಾ ಅಲ್ಲ ಕಟ್ಟಿಸೋದಾ, ಮತ್ತೆ ಹುಂಜ ಬೇಕೇ ಬೇಕಾ ಅಂತ. ನಾನು ಇಲ್ಲೇ ಮುಳ್ಳೇರಿಯ ಕಡೆಯವ, ನಮ್ಮಲ್ಲಿ ಅಜ್ಜಿ ಕಾಲದಿಂದ ಕೋಳಿ ಉಂಟು, ಹಾಗಾಗಿ ಗೊತ್ತಿದ್ದಷ್ಟು ಹೇಳ್ತೇನೆ, ಸ್ವಲ್ಪ ಉದ್ದ ಆಗ್ಬಹುದು.

ಕಟ್ಟಿಸಿ. ರೆಡಿಮೇಡ್ ಬೇಡ. ಆ ಆನ್‌ಲೈನ್ ಗೂಡುಗಳು ಫೋಟೋದಲ್ಲಿ ಚಂದ, ಎಂಟು ಕೋಳಿಗೆ ಅಂತ ಬರ್ದಿರ್ತಾರೆ, ಅಳತೆ ತೆಗೆದು ನೋಡಿದ್ರೆ ಮೂರು ಕೋಳಿ ನಿಲ್ಲೋದೇ ಕಷ್ಟ, ಅದೂ ತೆಳು ಮರ, ನಮ್ಮ ಒಂದು ಮಳೆಗಾಲ ಕಳೆಯುವಾಗ ಬಾಗಿಲು ಉಬ್ಬಿ ಹಾಕ್ಲಿಕ್ಕೇ ಆಗೋದಿಲ್ಲ. ಕೇರಳದಲ್ಲಿ ಈಗ ಎಲ್ಲ ಕಡೆ ಸಿಗುವ ಕಬ್ಬಿಣದ ಸರಿಗೆಯ ಪಂಜರ ಉಂಟಲ್ಲ, ಅದು ಗಟ್ಟಿ ಹೌದು, ಜಾಗ ಇಲ್ಲದವರಿಗೆ ಆದೀತು, ಆದ್ರೆ ಹಿತ್ತಿಲು ಇದ್ದೂ ಕೋಳಿಯನ್ನು ದಿನಪೂರ್ತಿ ಸರಿಗೆ ಮೇಲೆ ನಿಲ್ಲಿಸೋದು ಎಂತಕ್ಕೆ?

ಯೂಟ್ಯೂಬಲ್ಲಿ ನೋಡಿ ಗೂಡು ಮಾಡುವವರು ತಪ್ಪೋದು ಒಂದೇ ಕಡೆ, ಅಲ್ಲಿ ತೋರಿಸೋದು ಒಣ ಊರಿನ ಗೂಡು ಇಲ್ಲಾಂದ್ರೆ ಹಿಮ ಬೀಳುವ ದೇಶದ್ದು, ಬೆಚ್ಚಗೆ ಮುಚ್ಚಿದ್ದು. ನಮ್ಮ ಕಾಸರಗೋಡಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ, ಅದರ ಹೆಚ್ಚಿನ ಪಾಲು ಜೂನಿಂದ ಸೆಪ್ಟೆಂಬರ್ ಒಳಗೆ ಸುರೀತದೆ. ಇಲ್ಲಿ ಕೋಳಿಗೆ ಚಳಿ ದೊಡ್ಡ ವಿಷಯ ಅಲ್ಲ, ಪಸೆ, ಅಂದ್ರೆ ತೇವ, ದೊಡ್ಡ ವಿಷಯ. ಗೂಡನ್ನು ಜುಲೈ ತಿಂಗಳ ರಾತ್ರಿಗೆ ಅಂತ ಕಟ್ಟಿ, ಉಳಿದ ತಿಂಗಳಿಗೆ ತನ್ನಷ್ಟಕ್ಕೆ ಸರಿಯಾಗ್ತದೆ.

ಅಳತೆ ಹೇಳೋದಾದ್ರೆ, ಹಗಲು ಹೊರಗೆ ಬಿಡ್ತೀರಿ ಅಂತಾದ್ರೆ ಒಳಗೆ ಒಂದು ಕೋಳಿಗೆ ಎರಡೂವರೆಯಿಂದ ಮೂರು ಚದರ ಅಡಿ ಸಾಕು, ಆರು ಕೋಳಿಗೆ 4 ಅಡಿ ಉದ್ದ 4 ಅಡಿ ಅಗಲದ ಗೂಡು ನಡೀತದೆ. ಹೊರಗೆ ಬಿಡೋದೇ ಇಲ್ಲ, ಪಕ್ಕದವರ ಬಸಳೆ ಚಪ್ಪರ ಹಾಳು ಮಾಡ್ತದೆ ಅಂತ ಜಗಳ ಆಗ್ತದೆ ಅನ್ನೋದಾದ್ರೆ ಗೂಡಿಗೆ ತಾಗಿ ಬಲೆ ಕಟ್ಟಿದ ಅಂಗಳ ಬೇಕು, ಕೋಳಿಗೆ 8ರಿಂದ 10 ಚದರ ಅಡಿ ಲೆಕ್ಕದಲ್ಲಿ. ಜಾಗ ಕಮ್ಮಿ ಆದ್ರೆ ಒಂದಕ್ಕೊಂದು ಕುಕ್ಕಿ ರೆಕ್ಕೆಪುಕ್ಕ ಕೀಳ್ಲಿಕ್ಕೆ ಶುರು ಮಾಡ್ತವೆ, ರಕ್ತ ಕಂಡ್ರೆ ಮತ್ತೆ ಬಿಡೋದಿಲ್ಲ.

ನೆಲದಿಂದ ಎರಡೂವರೆ ಮೂರು ಅಡಿ ಎತ್ತರಕ್ಕೆ ಗೂಡು ನಿಲ್ಲಿಸಿ. ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಕಟ್ಟಿ ನಾಲ್ಕು ಕಾಲು ಮಾಡಿ ಅದ್ರ ಮೇಲೆ ಫ್ರೇಮ್ ಕೂರಿಸಿದ್ರೆ ಆಯ್ತು. ಅಡಿಕೆ ಮರ ಹೇಗೂ ತೋಟದಲ್ಲಿ ಸಿಗ್ತದೆ, ಆದ್ರೆ ಬಲಿತ ಮರವೇ ಆಗ್ಬೇಕು, ಎಳತು ಮರ ಸೀಳಿ ರೀಪು (ಉದ್ದ ಪಟ್ಟಿ) ಮಾಡಿದ್ರೆ ಬೇಗ ಕುಂಬಾಗಿ ಹಾಳಾಗ್ತದೆ, ಮಣ್ಣಿಗಂತೂ ತಾಗಲೇಬಾರದು. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದ್ರೆ ಗೆದ್ದಲು ಹತ್ರ ಬರೋದಿಲ್ಲ, ಬರೀ ಕೈಯಲ್ಲಿ ಮುಟ್ಬೇಡಿ ಚರ್ಮ ಸುಡ್ತದೆ, ಹಚ್ಚಿ ಪೂರ್ತಿ ಒಣಗಿದ ಮೇಲೆ ಕೋಳಿ ಬಿಡಿ. ಗೂಡಿನ ತಳಕ್ಕೆ ಈ ರೀಪನ್ನೇ ಬೆರಳು ದಪ್ಪದ ಸಂದು ಬಿಟ್ಟು ಹೊಡೀರಿ, ಹಿಕ್ಕೆ ಕೆಳಗೆ ಬೀಳ್ತದೆ, ಕೆಳಗೆ ನಾಲ್ಕು ಅಡಿಕೆ ಹಾಳೆ ಹಾಸಿಟ್ರೆ ಎಳೆದು ತೆಗೀಲಿಕ್ಕೆ ಸುಲಭ, ಖರ್ಚೂ ಇಲ್ಲ. ಬೇಕಾದ್ರೆ ಹಲಗೆ ತಳ ಮಾಡಿ ಎರಡು ಮೂರು ಇಂಚು ಉಮಿ ಹಾಕ್ಬಹುದು, ಬೇಸಿಗೆಗೆ ಅದೇ ಒಳ್ಳೇದು, ಆದ್ರೆ ಮಳೆಗಾಲದಲ್ಲಿ ಉಮಿ ಒದ್ದೆಯಾಗಿ ಗಟ್ಟಿ ಕಟ್ತದೆ, ಆ ಪಸೆಯಲ್ಲೇ ಮರಿಗಳಿಗೆ ರಕ್ತಭೇದಿ ಬರೋದು. ದಿನಾ ಕೆದಕಿ, ಕಟ್ಟಿದ ಉಂಡೆ ತೆಗೆದು, ಸುಣ್ಣದ ಪುಡಿ ಹಾಕುವಷ್ಟು ಪುರುಸೊತ್ತು ಇದ್ರೆ ಮಾಡಿ. ನನ್ನ ವೋಟು ರೀಪಿಗೆ.

ಮಾಡಿಗೆ, ಅಂದ್ರೆ ಗೂಡಿನ ಸೂರಿಗೆ, ತಗಡು ಶೀಟು ಹಾಕಿದ್ರೆ ಮಾರ್ಚ್ ಏಪ್ರಿಲಲ್ಲಿ ಒಳಗೆ ಬೆಂಕಿ, ಮೇಲೆ ತೆಂಗಿನ ಮಡಲು ಹೊದೆಸ್ಬೇಕಾಗ್ತದೆ. ಹಳೇ ಮನೆ ಬಿಚ್ಚಿದ ಹಂಚು ಇದ್ರೆ ಅದರಷ್ಟು ತಂಪು ಬೇರೆ ಇಲ್ಲ, ಆದ್ರೆ ಹಂಚಿನ ಅಡಿಗೆ ಕಬ್ಬಿಣದ ಮೆಶ್ ಹೊಡೆಯದೆ ಬಿಡ್ಬೇಡಿ, ಕಾಡುಬೆಕ್ಕು ಬಂದು ಹಂಚು ಸರಿಸಿ ಒಳಗೆ ಇಳೀತದೆ, ಸುಳ್ಳಲ್ಲ. ಮಾಡಿನ ತುದಿ ಗೋಡೆಯಿಂದ ಎರಡೂವರೆ ಅಡಿ ಆದ್ರೂ ಹೊರಗೆ ಚಾಚಿರ್ಬೇಕು. ನಮ್ಮಲ್ಲಿ ಮಳೆ ಪಡುವಣದಿಂದ ಓರೆಯಾಗಿ ಹೊಡೆಯೋದು, ಹಾಗಾಗಿ ಪಡುವಣ ಬದಿ ಪೂರ್ತಿ ಹಲಗೆ ಹೊಡೆದು ಮುಚ್ಚಿ, ತೆಂಕು ಬದಿ ಅರ್ಧ ಮುಚ್ಚಿ, ಉಳಿದ ಎರಡು ಬದಿ ಮೆಶ್ ಬಿಡಿ. ಜೋರು ಮಳೆಗೆ ಟರ್ಪಾಲು ಕಟ್ತೀರಿ ಅಲ್ವಾ, ಅದನ್ನು ಕೆಳಗಿಂದ ಮೇಲಕ್ಕೆ ಕಟ್ಟಿ, ಮಾಡಿನ ಅಡಿಯಲ್ಲಿ ಒಂದು ಗೇಣು ಬಿಟ್ಟುಬಿಡಿ. ಯಾಕೆ ಅಂದ್ರೆ ಹಿಕ್ಕೆಯಿಂದ ಏಳುವ ಅಮೋನಿಯಾ ಗಾಳಿ ಮೇಲಿಂದ ಹೊರಗೆ ಹೋಗ್ಬೇಕು, ಹೋಗದಿದ್ರೆ ಕೋಳಿಗೆ ಕಣ್ಣು ಊದೋದು, ಗೊರಗೊರ ಶ್ವಾಸ, ಎಲ್ಲ ಶುರು. ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೇ ಬಗ್ಗಿ ಕೋಳಿ ಕೂರುವ ಎತ್ತರಕ್ಕೆ ನಿಮ್ಮ ಮುಖ ಇಟ್ಟು ನೋಡಿ, ನಿಮ್ಮ ಕಣ್ಣು ಉರಿದ್ರೆ ಗಾಳಿ ಸಾಲದು ಅಂತ ಲೆಕ್ಕ.

ಈಗ ಮೆಶ್ ವಿಷಯ, ದುಡ್ಡು ಹಾಕ್ಬೇಕಾದ್ದು ಇಲ್ಲಿ. ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡುವ ಆರು ಮೂಲೆಯ ತೆಳು ಬಲೆ ಕೋಳಿ ಹೊರಗೆ ಹೋಗದ ಹಾಗೆ ತಡೀತದೆ ಅಷ್ಟೆ, ನಾಯಿ ಬಾಯಿ ಹಾಕಿ ಎಳೆದ್ರೆ ಹರೀತದೆ, ಹಾವಿಗೆ ಅದು ಬಾಗಿಲು ಇದ್ದ ಹಾಗೆ. ಅರ್ಧ ಇಂಚಿನ ವೆಲ್ಡ್ ಮೆಶ್ ತಗೊಳ್ಳಿ, ಮೊಳೆ ಬಗ್ಗಿಸಿ ಹೊಡೆಯೋದಲ್ಲ, ಸ್ಕ್ರೂ ವಾಷರ್ ಹಾಕಿ ಬಿಗೀರಿ. ನಮ್ಮ ಕಡೆ ಹಗಲು ಮುಂಗುಸಿ, ಗಿಡುಗ, ಬೀದಿ ನಾಯಿ, ಮರಿ ಇದ್ರೆ ಕಾಗೆಯೂ ಸೇರಿ. ರಾತ್ರಿ ನರಿ, ಕಾಡುಬೆಕ್ಕು, ಅಡೂರು ಕಾಡಿನ ಬದಿಯವರಿಗಂತೂ ಹೆಬ್ಬಾವು. ಹೆಬ್ಬಾವು ಬಂದ್ರೆ ಕೊಲ್ಲೋದು ಹೊಡೆಯೋದು ಮಾಡ್ಬೇಡಿ, ಕೇಸಾಗ್ತದೆ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಕೇರೆ ಹಾವು ಬರೋದು ಹೆಚ್ಚಾಗಿ ಇಲಿ ಹಿಂದೆ, ಇಲಿ ಬರೋದು ನೀವು ರಾತ್ರಿ ಗೂಡಲ್ಲಿ ಬಿಟ್ಟ ತಿಂಡಿಗೆ, ಹಾಗಾಗಿ ಸಂಜೆ ಫೀಡಿನ ತಟ್ಟೆ ಹೊರಗೆ ತೆಗೆದಿಟ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು. ಬಾಗಿಲಿಗೆ ಬರೀ ಕೊಕ್ಕೆ ಸಾಕಾಗೋದಿಲ್ಲ, ಚಿಲಕ ಹಾಕಿ ಅದಕ್ಕೊಂದು ಪಿನ್ನು ಸಿಕ್ಕಿಸಿ. ಕತ್ತಲಾಗುವ ಮೊದ್ಲೇ ಮುಚ್ಚಿ, ಧಾರಾವಾಹಿ ಮುಗಿಸಿ ಬರ್ತೇನೆ ಅಂದ್ರೆ ಆಗ್ಲಿಕ್ಕಿಲ್ಲ.

ಒಳಗೆ ಎರಡೇ ಸಾಮಾನು ಬೇಕು. ಕೂತು ಮಲಗ್ಲಿಕ್ಕೆ ಅಡ್ಡಕೋಲು, ಎರಡು ಇಂಚು ಅಗಲ, ಅಂಚು ಉಜ್ಜಿ ನಯ ಮಾಡಿದ್ದು, ಒಂದು ಕೋಳಿಗೆ 8ರಿಂದ 10 ಇಂಚು ಜಾಗ, ಅಂದ್ರೆ ನಿಮ್ಮ ಗೂಡಿಗೆ ನಾಲ್ಕು ಅಡಿಯ ಎರಡು ಕೋಲು ಒಂದಡಿ ಅಂತರದಲ್ಲಿ. ಮೊಟ್ಟೆ ಇಡ್ಲಿಕ್ಕೆ ಒಂದಡಿ ಉದ್ದ ಅಗಲದ ಪೆಟ್ಟಿಗೆ, ನಾಲ್ಕೈದು ಕೋಳಿಗೆ ಒಂದು ಸಾಕು, ಆರಕ್ಕೆ ಎರಡು ಇಡಿ, ತರಕಾರಿ ಕ್ರೇಟಿಗೆ ಬೈಹುಲ್ಲು ಹಾಕಿದ್ರೂ ನಡೀತದೆ, ಕತ್ತಲೆ ಮೂಲೆಯಲ್ಲಿರ್ಲಿ. ಅಡ್ಡಕೋಲು ಪೆಟ್ಟಿಗೆಗಿಂತ ಎತ್ತರದಲ್ಲಿ ಇರ್ಬೇಕು, ಕೋಳಿ ಎತ್ತರದ ಜಾಗ ಹುಡುಕಿ ಮಲಗ್ತದೆ, ಪೆಟ್ಟಿಗೆ ಎತ್ತರ ಇದ್ರೆ ಅದ್ರಲ್ಲೇ ಮಲಗಿ ಹಿಕ್ಕೆ ಹಾಕಿ ಮೊಟ್ಟೆ ಎಲ್ಲ ಹೊಲಸು. ಗೂಡಿನ ಕಾಲಿಗೆ ಇರುವೆ ಹತ್ತಿದ್ರೆ ಬಟ್ಟಲಲ್ಲಿ ಹಳೇ ಎಂಜಿನ್ ಆಯಿಲ್ ಇಡಿ, ನೀರಿಟ್ರೆ ಸೊಳ್ಳೆ ಆಗ್ತದೆ, ಡೆಂಗ್ಯೂ ಮೊದ್ಲೇ ಸಾಕಷ್ಟು ಉಂಟು ನಮ್ಮಲ್ಲಿ. ಹೇನಿಗೆ ಒಲೆ ಬೂದಿ ಮತ್ತು ಒಣ ಮಣ್ಣು ಸೇರಿಸಿ ಮಳೆ ತಾಗದ ಮೂಲೆಯಲ್ಲಿ ಹಾಕಿ, ಅವೇ ಹೊರಳಾಡಿ ಸ್ನಾನ ಮಾಡ್ಕೊಳ್ತವೆ.

ಮೊದಲನೇ ಸಲ ಆದ್ದರಿಂದ ಒಂದು ದಿನದ ಮರಿ ತರ್ಬೇಡಿ ಮಾರಾಯ್ರೆ, ಅದಕ್ಕೆ ಮೊದಲ ವಾರ 35 ಡಿಗ್ರಿ ಬಿಸಿ ಕೊಡ್ಬೇಕು, ಬಲ್ಬು ಹಾಕಿ ಕೂರ್ಬೇಕು, ನಮ್ಮ ಮಳೆಗಾಲದ ಕರೆಂಟು ನಂಬಿದ್ರೆ ಅಷ್ಟೆ. ಕೇರಳದಲ್ಲಿ ಎಗ್ಗರ್ ನರ್ಸರಿ ಅಂತ ಉಂಟು, ಒಂದೂವರೆ ಎರಡು ತಿಂಗಳು ಸಾಕಿ ಲಸಿಕೆ ಹಾಕಿದ ಕೋಳಿ ಕೊಡ್ತಾರೆ, ಹತ್ತಿರದ ಮೃಗಾಸ್ಪತ್ರೆಯಲ್ಲಿ ಕೇಳಿದ್ರೆ ಎಲ್ಲಿ ಸಿಗ್ತದೆ ಅಂತ ಹೇಳ್ತಾರೆ. ತಳಿಯಲ್ಲಿ ತೃಶೂರು ಹತ್ರ ಮಣ್ಣುತ್ತಿಯಲ್ಲಿ ತಯಾರಾದ ಗ್ರಾಮಶ್ರೀ, ಗ್ರಾಮಲಕ್ಷ್ಮಿ ಹಿತ್ತಿಲಿಗೆ ಹೊಂದ್ತದೆ, ಕರ್ನಾಟಕದ ಗಿರಿರಾಜ, ಸ್ವರ್ಣಧಾರವೂ ಆದೀತು, ಆದ್ರೆ ಗಿರಿರಾಜ ತೂಕದ ಕೋಳಿ, ಮೊಟ್ಟೆಗಿಂತ ಸಾರಿಗೆ ಒಳ್ಳೇದು. ಊರ ಕೋಳಿ ವರ್ಷಕ್ಕೆ 60–80 ಮೊಟ್ಟೆ ಇಟ್ರೆ ದೊಡ್ಡದು, ಆದ್ರೆ ಜಾಣ, ಗಿಡುಗ ಕಂಡ್ರೆ ಓಡಿ ಅಡಗ್ತದೆ.

ಲಸಿಕೆಯಲ್ಲಿ ಮುಖ್ಯ ಕೊಕ್ಕರೆ ರೋಗದ್ದು (ರಾಣಿಖೇತ್ ಅಂತಲೂ ಹೇಳ್ತಾರೆ), ಅದು ಬಂದ್ರೆ ಗೂಡಿಗೆ ಗೂಡೇ ಖಾಲಿ. ಸೀಸೆ ಬರೋದೇ ನೂರಾರು ಕೋಳಿ ಲೆಕ್ಕದಲ್ಲಿ, ಕಲಸಿದ ಮೇಲೆ ಸ್ವಲ್ಪ ಹೊತ್ತಲ್ಲೇ ಮುಗಿಸ್ಬೇಕು, ಹಾಗಾಗಿ ನೆರೆಕರೆಯ ನಾಲ್ಕು ಮನೆಯವರು ಒಟ್ಟಿಗೆ ಹಾಕಿಸೋದು ಒಳ್ಳೇದು. ತಂದ ಕೋಳಿಯನ್ನು ಒಂದು ವಾರ ಗೂಡಿನ ಒಳಗೇ ಇಡಿ, ಆಮೇಲೆ ಬಿಟ್ರೆ ಸಂಜೆಗೆ ತಾನೇ ವಾಪಸ್ ಬರ್ತದೆ. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 100–120 ಗ್ರಾಂ ತಿಂಡಿ ಬೇಕು, ತಿರುಗಾಡಿ ಹುಳ ಹೆಕ್ಕುವುದಕ್ಕೆ ಸ್ವಲ್ಪ ಕಮ್ಮಿ. ಮೊಟ್ಟೆ ಸಿಪ್ಪೆ ತೆಳು ಆದ್ರೆ ಮರುವಾಯಿ (ಕಪ್ಪೆಚಿಪ್ಪು ಜಾತಿ) ಚಿಪ್ಪು ಕುಟ್ಟಿ ಬೇರೆ ತಟ್ಟೆಯಲ್ಲಿಡಿ. ಮಳೆಗಾಲದಲ್ಲಿ ಮಾತ್ರ 50 ಕಿಲೋ ಚೀಲ ತರ್ಲೇಬೇಡಿ, ಬೂಸ್ಟು ಬರ್ತದೆ, ಬೂಸ್ಟು ಬಂದ ಫೀಡು ಕೋಳಿಗೆ ವಿಷವೇ, ಪಾಪ ಅಂತ ಬಿಸಿಲಿಗೆ ಒಣಗಿಸಿ ಹಾಕಿದ್ರೂ ವಿಷ ಹೋಗೋದಿಲ್ಲ. ಹಿಕ್ಕೆಯನ್ನು ಹಸಿ ಹಸಿ ಗಿಡದ ಬುಡಕ್ಕೆ ಸುರೀಬೇಡಿ, ಬೇರು ಸುಡ್ತದೆ, ಸೊಪ್ಪಿನೊಟ್ಟಿಗೆ ಕೊಳೆಸಿ ಮತ್ತೆ ಕಾಳುಮೆಣಸಿಗೆ ಅಡಿಕೆಗೆ ಹಾಕಿ.

ಹುಂಜ ಮೊಟ್ಟೆಗೆ ಬೇಡ, ಅದಿಲ್ಲದೆಯೂ ಹೇಂಟೆ ಮೊಟ್ಟೆ ಇಡ್ತದೆ, ಮರಿ ಆಗೋದಿಲ್ಲ ಅಷ್ಟೆ. ಮರಿ ಮಾಡಿಸ್ಬೇಕು ಅಂತಿದ್ರೆ ಒಂದು ಹುಂಜ ಮತ್ತು ಕಾವಿಗೆ ಕೂರುವ ಒಂದೆರಡು ಊರ ಹೇಂಟೆ ಸಾಕು, 21 ದಿನದಲ್ಲಿ ಮರಿ ಹೊರಗೆ. ಮೊದಲ ವರ್ಷ ಇಲ್ಲದೇ ನಡೆಸಿ ಅಂತ ನನ್ನ ಅಭಿಪ್ರಾಯ, ಬೆಳಗಿನ ಜಾವ ನಾಲ್ಕಕ್ಕೇ ಕೂಗ್ಲಿಕ್ಕೆ ಶುರು ಮಾಡ್ತದೆ, ಬೆಂಗಳೂರಿಂದ ಬಂದ ನಿಮ್ಮ ಮಕ್ಕಳು ನಿಮ್ಮನ್ನೇ ಬೈತಾರೆ, ಅದ್ರ ಮೇಲೆ ಹುಂಜ ಸ್ವಲ್ಪ ಗಟ್ಟಿಮುಟ್ಟಾಗಿ ಕಂಡ್ರೆ ಕೋಳಿ ಅಂಕಕ್ಕೆ (ಕೋಳಿ ಕಾಳಗಕ್ಕೆ) ಕೊಡ್ತೀರಾ ಅಂತ ಕೇಳ್ಕೊಂಡು ಗೇಟಿನ ಹತ್ರ ಯಾರಾದ್ರೂ ಬಂದೇ ಬರ್ತಾರೆ.