ನೆರೆಮನೆಯ ಚೀನೀ ಹುಡುಗಿಗೆ ಇಂಗ್ಲಿಷ್ ಓದಿಸುವ ಬಗ್ಗೆ

ನಮಸ್ಕಾರ. ಪತಿಯ ಉದ್ಯೋಗದ ನಿಮಿತ್ತ ಚೀನಾದ ಸುಝೌ ನಗರಕ್ಕೆ ಬಂದಿರುವ ನೀವು, ಮೇಲಿನ ಮಹಡಿಯವರು ಹೈಸ್ಕೂಲಿನ ಎರಡನೆಯ ವರ್ಷದಲ್ಲಿರುವ ತಮ್ಮ ಮಗಳಿಗೆ ಇಂಗ್ಲಿಷ್ ಗದ್ಯಭಾಗ ಓದಿ ಉತ್ತರಿಸುವ ಅಭ್ಯಾಸ ಮಾಡಿಸಲು ಕೇಳಿದ್ದಾರೆಂದೂ, ಒಪ್ಪಿದರೆ ಹೇಗೆ ಹೇಳಿಕೊಡಬೇಕೆಂದೂ ವಿಚಾರಿಸಿದ್ದೀರಿ. ಸಂತೋಷದಿಂದ ಒಪ್ಪಿಕೊಳ್ಳಿ, ಆದರೆ ಹಣ ಪಡೆಯಬೇಡಿ. ಕುಟುಂಬದ ವೀಸಾದಲ್ಲಿ ಇಲ್ಲಿರುವವರು ಸಂಪಾದನೆಗಾಗಿ ಕೆಲಸ ಮಾಡುವಂತಿಲ್ಲ, ಶುಲ್ಕ ಪಡೆದು ಮನೆಪಾಠ ಹೇಳುವುದೂ ಹಾಗೆಯೇ. ಅಲ್ಲದೆ 2021ರ ಜುಲೈಯಿಂದ ಶಾಲೆಯ ಹೊರಗಿನ ಟ್ಯೂಷನ್ ಮೇಲೆ ಸರ್ಕಾರ ಬಿಗಿಯಾದ ನಿರ್ಬಂಧ ಹೇರಿದೆ.

ಆ ಹುಡುಗಿಯ ಮುಂದಿರುವುದು ಗಾವೊಕಾವೊ, ಅಂದರೆ ಪ್ರತಿ ಜೂನ್ 7ರಂದು ಆರಂಭವಾಗುವ ಕಾಲೇಜು ಪ್ರವೇಶ ಪರೀಕ್ಷೆ. ಇಂಗ್ಲಿಷಿನ 150 ಅಂಕಗಳಲ್ಲಿ ಓದಿಗೇ 50 ಮೀಸಲು: ನಾಲ್ಕು ಗದ್ಯಭಾಗಗಳ ಮೇಲೆ ತಲಾ ಎರಡೂವರೆ ಅಂಕದ 15 ಪ್ರಶ್ನೆಗಳು, ಜೊತೆಗೆ ಏಳು ವಾಕ್ಯಗಳಲ್ಲಿ ಐದನ್ನು ಆರಿಸಿ ಬಿಟ್ಟ ಸ್ಥಳ ತುಂಬುವ ಮತ್ತೊಂದು ಗದ್ಯಭಾಗ. ಮೊದಲನೆಯದು ಸಾಮಾನ್ಯವಾಗಿ ಪ್ರಕಟಣೆಯೋ ಜಾಹೀರಾತೋ ಆಗಿರುವುದರಿಂದ ಅದಕ್ಕೆ ಹೆಚ್ಚು ಸಮಯ ಕೊಡಬೇಕಿಲ್ಲ; ವಿಜ್ಞಾನ ಅಥವಾ ಸಮಾಜದ ವಿಷಯ ವಿವರಿಸುವ ಕೊನೆಯ ಎರಡರಲ್ಲಿಯೇ ಮಕ್ಕಳು ಎಡವುವುದು.

ಎಡವುವುದು ಪದಗಳ ಕೊರತೆಯಿಂದಲ್ಲ. ಇಲ್ಲಿನ ಮಕ್ಕಳು ಸುಮಾರು 3,500 ಪದಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿರುತ್ತಾರೆ. ಅವರನ್ನು ಕಾಡುವುದು ವಾಕ್ಯದ ರಚನೆ, ಮತ್ತು ಅದನ್ನು ಕನ್ನಡದವರಾದ ನೀವು ಸುಲಭವಾಗಿ ಗ್ರಹಿಸಬಲ್ಲಿರಿ: ನಾವು 'ನಿನ್ನೆ ಅಂಗಡಿಯಲ್ಲಿ ಕೊಂಡ ಪುಸ್ತಕ' ಎಂದು ವಿವರಣೆಯನ್ನೆಲ್ಲ ಮೊದಲು ಹೇಳಿ ಪುಸ್ತಕವನ್ನು ಕೊನೆಗೆ ತರುವಂತೆಯೇ ಚೀನೀ ಭಾಷೆಯೂ ತರುತ್ತದೆ, ಇಂಗ್ಲಿಷಾದರೋ ಪುಸ್ತಕವನ್ನು ಮೊದಲು ಹೇಳಿ ವಿವರಣೆಯನ್ನು ಅದರ ಹಿಂದೆ ಉದ್ದಕ್ಕೆ ಪೋಣಿಸುತ್ತದೆ. ಆದ್ದರಿಂದ ನಾಲ್ಕು ಸಾಲಿನ ವಾಕ್ಯ ಎದುರಾದಾಗ ಅವಳು ಮುಖ್ಯ ಕರ್ತೃವನ್ನೂ ಕ್ರಿಯಾಪದವನ್ನೂ ಗುರುತಿಸಿ ಅಡಿಗೆರೆ ಎಳೆಯಲಿ, ಹಿಂದೆ ಜೋತುಬಿದ್ದ ವಿವರಣೆಯನ್ನು ಪೆನ್ಸಿಲಿನಲ್ಲಿ ಕಂಸದೊಳಗೆ ಹಾಕಲಿ. ಪ್ರತಿ ವಾಕ್ಯವನ್ನೂ ನೀವೇ ಅನುವಾದಿಸಿ ಹೇಳಿದರೆ ಆ ಒಂದು ಗದ್ಯಭಾಗ ಅರ್ಥವಾದೀತು, ಮುಂದಿನದಕ್ಕೆ ಅದು ನೆರವಾಗದು.

ಉತ್ತರ ಸರಿಯಿದ್ದರೂ ತಪ್ಪಿದ್ದರೂ, ಅದಕ್ಕೆ ಆಧಾರವಾದ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿ. ಇದೊಂದನ್ನು ಬಿಡದೆ ಮಾಡಿಸಿದರೂ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ತಪ್ಪು ಆಯ್ಕೆಗಳಲ್ಲಿ ಕೆಲವು ಗದ್ಯಭಾಗದ ಪದಗಳನ್ನೇ ಎತ್ತಿಕೊಂಡು ಬೇರೆ ಅರ್ಥ ಹೇಳುತ್ತವೆ, ಕೆಲವು ಲೋಕಸತ್ಯವಾಗಿದ್ದರೂ ಲೇಖಕರು ಹೇಳದ ಮಾತಾಗಿರುತ್ತವೆ. ಜಾಣ ಮಕ್ಕಳೇ ಎರಡನೆಯ ಬಗೆಗೆ ಹೆಚ್ಚು ಮೋಸಹೋಗುತ್ತಾರೆ, ಏಕೆಂದರೆ ಅವರು ತಮ್ಮ ತಿಳಿವಳಿಕೆಯಿಂದ ಉತ್ತರಿಸುತ್ತಾರೆ. ಬಿಟ್ಟ ಸ್ಥಳ ತುಂಬುವ ಭಾಗದಲ್ಲಿ ಹಿಂದಿನ ವಾಕ್ಯಕ್ಕೆ ಕೊಂಡಿಯಾಗುವ ಸರ್ವನಾಮ, 'ಆದರೆ', 'ಉದಾಹರಣೆಗೆ' ಮುಂತಾದ ಪದಗಳನ್ನು ಹುಡುಕಿಸಿ.

ಶಾಲೆಯಲ್ಲೇ ರಾತ್ರಿಯವರೆಗೆ ಸ್ವಂತ ಓದಿನ ಅವಧಿ ಇರುವುದರಿಂದ ಅವಳು ವಾರದ ದಿನಗಳಲ್ಲಿ ದಣಿದಿರುತ್ತಾಳೆ. ಭಾನುವಾರ ಒಂದು ಗಂಟೆಯಲ್ಲಿ ಎರಡು ಗದ್ಯಭಾಗ ಮುಗಿದರೆ ಸಾಕು, ಹೆಚ್ಚಿಗೆ ಒತ್ತಾಯಿಸಬೇಡಿ. ಮೊದಲ ಕೆಲವು ವಾರ ಗಡಿಯಾರ ನೋಡದೆ ಓದಲಿ. ಇತ್ತೀಚಿನ ವರ್ಷಗಳ ಗಾವೊಕಾವೊ ಪತ್ರಿಕೆಗಳನ್ನು ಈಗಲೇ ಮುಗಿಸಿಬಿಡದೆ ಅವಳ ಕೊನೆಯ ವರ್ಷಕ್ಕೆ ಉಳಿಸಿಡಿ. ಸದ್ಯಕ್ಕೆ ಹಳೆಯವೂ ಶಾಲೆಯ ಅಭ್ಯಾಸ ಪತ್ರಿಕೆಗಳೂ ಧಾರಾಳವಾಗಿ ಸಾಲುತ್ತವೆ.