ಕತ್ತಲೆಯ ದೇಶಕ್ಕೆ ಮೊದಲ ಸ್ಥಾನ ಯಾಕೆ?

ಪ್ರಶ್ನೆ: ಸಂತೋಷದ ಪಟ್ಟಿಯಲ್ಲಿ ಪ್ರತಿ ಸಲ ಫಿನ್ಲೆಂಡ್ ಮೊದಲು. ಅಲ್ಲಿ ಚಳಿ, ತಿಂಗಳುಗಟ್ಟಲೆ ಕತ್ತಲೆ, ಜನ ಮಾತಾಡೋದೂ ಕಡಿಮೆ ಅಂತಾರೆ. ದುಡ್ಡಿನಿಂದಲೇ ಸಂತೋಷವಾ? ಇಲ್ಲ, ಅದು ಅವರ ಸ್ವಭಾವವಾ?

ಉತ್ತರ: ಮೊದಲು ಆ ಪಟ್ಟಿ, ಅಂದರೆ ಪ್ರತಿ ವರ್ಷ ಬರುವ 'ವಿಶ್ವ ಸಂತೋಷ ವರದಿ'ಯ ಪಟ್ಟಿ, ಏನನ್ನು ಅಳೆಯುತ್ತದೆ ನೋಡಿ. ಯಾರು ಎಷ್ಟು ನಗುತ್ತಾರೆ ಅಂತ ಅಲ್ಲ. ಸೊನ್ನೆಯಿಂದ ಹತ್ತರವರೆಗಿನ ಏಣಿ ಇದೆ ಅಂದುಕೊಳ್ಳಿ, ನಿಮ್ಮ ಬದುಕು ಈಗ ಯಾವ ಮೆಟ್ಟಿಲ ಮೇಲಿದೆ ಅಂತ ಕೇಳುತ್ತಾರೆ, ಅಷ್ಟೇ. ಅದು ಖುಷಿಗಿಂತ ನೆಮ್ಮದಿಯ ಲೆಕ್ಕ. 'ನಿನ್ನೆ ಚೆನ್ನಾಗಿ ನಕ್ಕಿರಾ?' ಅಂತ ಕೇಳುವ ಸಮೀಕ್ಷೆಯೂ ಬೇರೆ ಇದೆ. ಅದರಲ್ಲಿ ಎಷ್ಟೋ ವರ್ಷ ಮುಂದಿದ್ದದ್ದು ದಕ್ಷಿಣ ಅಮೆರಿಕದ ಪರಾಗ್ವೆ!

ದುಡ್ಡು ಬೇಕೇ ಬೇಕು, ಸುಮ್ನೆ ಬೇಡ ಅನ್ನುವುದು ಬೂಟಾಟಿಕೆ. ಪಟ್ಟಿಯ ಕೊನೆಯಲ್ಲಿ ಅಫ್ಘಾನಿಸ್ತಾನದಂಥ ಬಡ, ಯುದ್ಧದಿಂದ ನೊಂದ ದೇಶಗಳೇ ಇರುತ್ತವೆ. ಆದರೆ ಊಟ, ಮನೆ, ಔಷಧಿಯ ಚಿಂತೆ ತೀರಿದ ಮೇಲೆ ಅದೇ ನೂರು ಡಾಲರ್ ಕೊಡುವ ಸುಖ ಇಳಿಯುತ್ತಾ ಹೋಗುತ್ತದೆ. 2025ರ ಪಟ್ಟಿಯಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾ 6ನೇದು, ಅದಕ್ಕಿಂತ ಎಷ್ಟೋ ಪಟ್ಟು ಶ್ರೀಮಂತವಾದ ಅಮೆರಿಕ 24ನೇದು. ಕೋಸ್ಟರಿಕಾ 1948ರಲ್ಲೇ ಸೈನ್ಯವನ್ನು ರದ್ದು ಮಾಡಿ ಶಾಲೆ, ಆಸ್ಪತ್ರೆಗಳಿಗೆ ಖರ್ಚು ಮಾಡಿದ ದೇಶ. ಮನೆಯವರು, ನೆಂಟರು, ಅಕ್ಕಪಕ್ಕದವರ ಒಡನಾಟವೂ ಅಲ್ಲಿ ಜಾಸ್ತಿ.

ನನ್ನ ಪ್ರಕಾರ ದೊಡ್ಡ ವ್ಯತ್ಯಾಸ ಮಾಡುವುದು ನಂಬಿಕೆ. ಕಷ್ಟ ಬಂದರೆ ಕೈಹಿಡಿಯುವವರು ಇದ್ದಾರಾ, ಕೆಲಸ ಹೋದರೆ ಸರ್ಕಾರ ನೋಡಿಕೊಳ್ಳುತ್ತದಾ, ಕಚೇರಿಯಲ್ಲಿ ಲಂಚ ಕೊಡದೆ ಕೆಲಸ ಆಗುತ್ತದಾ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಶೋಧಕರು 40 ದೇಶಗಳ ಹೋಟೆಲ್, ಬ್ಯಾಂಕ್, ಅಂಚೆ ಕಚೇರಿಗಳಲ್ಲಿ 17 ಸಾವಿರಕ್ಕೂ ಹೆಚ್ಚು ಪರ್ಸ್‌ಗಳನ್ನು 'ದಾರಿಯಲ್ಲಿ ಸಿಕ್ಕಿತು' ಅಂತ ಕೊಟ್ಟು ಬಂದರು, ಎಷ್ಟು ವಾರಸುದಾರರಿಗೆ ಸುದ್ದಿ ಮುಟ್ಟುತ್ತದೆ ಅಂತ ಕಾದರು. ಸಂತೋಷದ ಪಟ್ಟಿಯಲ್ಲಿ ಮೇಲಿರುವ ಸ್ವಿಟ್ಜರ್ಲೆಂಡ್, ನಾರ್ವೆ, ಡೆನ್ಮಾರ್ಕ್ ಇಲ್ಲೂ ಮುಂದೆ. ತಮಾಷೆ ಅಂದ್ರೆ, ಬಹುತೇಕ ದೇಶಗಳಲ್ಲಿ ಖಾಲಿ ಪರ್ಸ್‌ಗಿಂತ ದುಡ್ಡಿದ್ದ ಪರ್ಸ್‌ಗಳ ಬಗ್ಗೆಯೇ ಜಾಸ್ತಿ ಜನ ಸುದ್ದಿ ಮುಟ್ಟಿಸಿದರು!

ಇನ್ನು ಸ್ವಭಾವ. ಅದೇ ಕಾರಣ ಆಗಿದ್ದರೆ ಹೊರಗಿನಿಂದ ಹೋಗಿ ನೆಲೆಸಿದವರು ಅಲ್ಲೂ ತಮ್ಮ ಹಳೇ ದೇಶದವರಷ್ಟೇ ಸಂತೋಷವಾಗಿ ಇರಬೇಕಿತ್ತು, ಅಲ್ವಾ? ಸಂತೋಷದ ಪಟ್ಟಿ ಕೊಡುವ ಅದೇ ವರದಿ 2018ರಲ್ಲಿ ಇದನ್ನೇ ಹುಡುಕಿತು. ವಲಸೆ ಬಂದವರ ಅಂಕ ಹೊಸ ದೇಶದವರ ಅಂಕದ ಹತ್ತಿರಕ್ಕೇ ಬಂದಿತ್ತು. 117 ದೇಶಗಳ ವಲಸಿಗರಲ್ಲಿ ಅತಿ ಹೆಚ್ಚು ಸಂತೋಷವಾಗಿದ್ದವರೂ ಫಿನ್ಲೆಂಡಿನಲ್ಲೇ ಇದ್ದರು, ಅದೇ ಚಳಿಯಲ್ಲಿ.